ಆಸಾಡಿಯಲ್ಲಿ ವೈಕಿಂಗ್ ಮದುವೆ

ಮಗಳು ವೈಕಿಂಗ್ ಮದುವೆ ಎಂದಾಗ ನಾನು ಅದು ಯಾವುದೋ ಹೋಟೆಲಿನ ಹೆಸರು ಅಂದುಕೊಂಡೆ. ಲಂಡನ್ನಿನ ಹ್ಯಾರೋದ ನಮ್ಮ ಮನೆಯಲ್ಲಿ ನಾನು ನೀರುದೋಸೆ ಮಾಡುತ್ತಿದ್ದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಚಿತ್ರಗಳನ್ನು ಹರಡಿದಳು. ಉದ್ದ ಗಡ್ಡ, ತುಪ್ಪಳದ ಹೊದಿಕೆ, ಕೊಡಲಿ, ಮರದ ಗುರಾಣಿ. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದು ಈ ದೇಶವನ್ನು ಕೊಳ್ಳೆ ಹೊಡೆದವರಂತೆ. ಅವಳು ಮೆಚ್ಚಿದ ಹುಡುಗ ಇಂಗ್ಲಿಷರವನು. ವಾರವಿಡೀ ಕೌನ್ಸಿಲ್ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂರುವವನು ಶನಿವಾರ ಬಂತೆಂದರೆ ಗೆಳೆಯರ ಜೊತೆ ಈ ವೇಷ ಹಾಕಿ ಬಯಲಿನಲ್ಲಿ ಕತ್ತಿ ಬೀಸುತ್ತಿದ್ದ. ಮದುವೆಯೂ ಹಾಗೇ ಆಗಬೇಕಂತೆ, ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಹೊಲದಲ್ಲಿ ಡೇರೆ ಹಾಕಿ, ಜುಲೈ ತಿಂಗಳ ಕೊನೆಯ ಶನಿವಾರ.

ನನಗೆ ಮೈಯೆಲ್ಲ ಉರಿದುಹೋಯಿತು. ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಒಬ್ಬಳೇ ಮಗಳು, ಅವಳು ಹೈಸ್ಕೂಲಿನಲ್ಲಿರುವಾಗಲೇ ಧಾರೆ ಸೀರೆ ತಂದು ಇಟ್ಟಿದ್ದೆ. ಕೊಂಬಿನ ಟೋಪಿ ಹಾಕಿಕೊಂಡು ಬಂದವನಿಗೆ ನಾನು ಆರತಿ ಎತ್ತುವುದಿಲ್ಲ ಎಂದೆ. ಮರುವಾರ ಹುಡುಗನೇ ಬಂದ. ವೈಕಿಂಗರ ಟೋಪಿಗೆ ಕೊಂಬೇ ಇರಲಿಲ್ಲ, ಅದೆಲ್ಲ ಆಮೇಲಿನವರ ಕಟ್ಟುಕಥೆ ಎಂದು ಅರ್ಧ ಗಂಟೆ ವಿವರಿಸಿದ. ಕೊಂಬು ಬಂದಿರುವುದು ನನ್ನ ಮಗಳಿಗೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನನ್ನ ಯಜಮಾನರಿಗೆ ಮಾತ್ರ ಇದೆಲ್ಲ ಖುಷಿಯೋ ಖುಷಿ. ಟೂಟಿಂಗ್‌ನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತರೂ ಕುಂದಾಪುರದ ಒಣಮೀನು ಮರೆಯದ ಮನುಷ್ಯ. ಆ ಜನ ಚಳಿಗಾಲಕ್ಕೆ ಮೀನು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು ಎಂದು ಹುಡುಗ ಹೇಳಿದ್ದೇ ತಡ, "ಹಂಗಾರೆ ನಮ್ಮವ್ರೇ," ಎಂದು ನೆಟ್ಟಗೆ ಕೂತರು. ಅವತ್ತಿನಿಂದ ಮಾವ ಅಳಿಯ ಒಂದಾದರು. ಕುಂದಾಪುರದಿಂದ ನಾದಿನಿ ಫೋನ್ ಮಾಡಿ ಹುಡುಗ ಯಾರ ಪೈಕಿ ಎಂದು ಕೇಳಿದರೆ ಇವರು "ಹಡಗಿನವ್ರು" ಎಂದುಬಿಟ್ಟರು. ಅವಳು ಹಡಗಿನಲ್ಲಿ ಕೆಲಸ ಎಂದು ತಿಳಿದು, ಹಾಗಾದರೆ ವರ್ಷಕ್ಕೆ ಆರು ತಿಂಗಳು ಮನೆಯಲ್ಲೇ ಇರುತ್ತಾನೆ ಎಂದು ಸಂತೋಷಪಟ್ಟಳು. ನಾವು ತಿದ್ದಲು ಹೋಗಲಿಲ್ಲ.

ಇವರು ಕೇಳಿಕೊಂಡದ್ದು ಒಂದೇ. ವೈಕಿಂಗ್ ಮದುವೆಯಲ್ಲಿ ಗಂಡು ಹೆಣ್ಣಿನ ಕೈ ಸೇರಿಸಿ ಹಗ್ಗ ಸುತ್ತುತ್ತಾರಂತೆ. ಹಗ್ಗ ಸುತ್ತಿದ ಮೇಲೆ ಆ ಕೈಗಳ ಮೇಲೆ ತಾವು ಧಾರೆ ಎರೆಯಬೇಕು ಎಂದು. ನಮ್ಮ ಕಡೆ ಮದುವೆ ಅಂದರೆ ಧಾರೆಯೇ; ಅಪ್ಪ ಅಮ್ಮ ನಿಂತು ನೀರು ಎರೆಯದಿದ್ದರೆ ಮಗಳನ್ನು ಕೊಟ್ಟ ಹಾಗಾಗುವುದಿಲ್ಲ. ಮಗಳು ಕೂಡಲೇ ಒಪ್ಪಿ ತನ್ನ ಪಟ್ಟಿಯಲ್ಲಿ ಬರೆದುಕೊಂಡಳು: ಹಗ್ಗ, ಆಮೇಲೆ ಅಪ್ಪನ ನೀರು.

ಏಪ್ರಿಲ್‌ನಲ್ಲಿ ಇವರಿಗೆ ಊಟ ಸೇರದಾಯಿತು. ಮಾಮೂಲಿ ತೋರಿಸುವ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ನಮ್ಮಿಬ್ಬರನ್ನು ಕೂರಿಸಿಕೊಂಡು, ಮೇದೋಜೀರಕದಲ್ಲಿ ಕ್ಯಾನ್ಸರ್, ಆಪರೇಷನ್ ಮಾಡುವ ಹಂತ ದಾಟಿದೆ, ವರ್ಷದ ಕೊನೆಯ ತನಕ ಇರಬಹುದು ಎಂದು ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಇವರು ಹೇಳಿದ್ದು ಮಗಳಿಗೆ ತಿಳಿಸುವುದು ಬೇಡ, ಮದುವೆ ಕಳೆಯಲಿ ಎಂದು. ನಾನೂ ಹೂಂ ಎಂದೆ. ಹೊಟ್ಟೆಯಲ್ಲಿ ಹುಣ್ಣು, ಮದ್ದು ನಡೆಯುತ್ತಿದೆ ಎಂದು ಅವಳಿಗೆ ಹೇಳಿದೆವು.

ಮೇ ತಿಂಗಳಲ್ಲಿ ಕರೆಯೋಲೆಯ ಕರಡು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಊರಿನ ಪಂಚಾಂಗದ ಕ್ಯಾಲೆಂಡರಿನ ಮುಂದೆ ನಿಂತು ತಾರೀಕು ಹುಡುಕಿದೆ. ಆ ಶನಿವಾರ ಆಸಾಡಿಯಲ್ಲಿತ್ತು. ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗಿನ ಆ ತಿಂಗಳಲ್ಲಿ ನಮ್ಮ ಕಡೆ ಯಾರೂ ಶುಭಕಾರ್ಯಕ್ಕೆ ಕೈ ಹಾಕುವುದಿಲ್ಲ. ಹೊಸ ಮದುಮಗಳನ್ನು ಸಹ ತವರಿಗೆ ಕಳಿಸಿಬಿಡುತ್ತಾರೆ. ಬೇರೆ ವರ್ಷವಾಗಿದ್ದರೆ ಒಂದಿಷ್ಟು ಗೊಣಗಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಮನೆಯ ಯಜಮಾನನ ಜೀವ ತೂಗುತ್ತಿರುವಾಗ ಆಸಾಡಿಯಲ್ಲಿ ಮದುವೆ ಮಾಡಿದರೆ ಅದು ಇವರ ಆಯಸ್ಸಿಗೇ ತಟ್ಟುತ್ತದೆ ಎಂದು ನನ್ನ ತಲೆಗೆ ಹೊಕ್ಕಿತು. ಒಮ್ಮೆ ಹೊಕ್ಕಿದ್ದು ಹೊರಡಲಿಲ್ಲ.

ಇವರಿಗೆ ಹೇಳಿದೆ. ಇವರು ನಕ್ಕರು.

"ಆಸಾಡಿ ಆರೂ ಅಡ್ಡಿಲ್ಲೆ ಮಾರಾಯ್ತಿ. ನಂಗೆ ಧಾರೆ ಎರೆಯುಕೆ ಸಿಕ್ರೆ ಸಾಕ್."

ನಾನು ಕೇಳಲಿಲ್ಲ. ಡಾಕ್ಟರಮ್ಮ ವರ್ಷದ ಕೊನೆ ಎಂದಿದ್ದಾರಲ್ಲ, ನವರಾತ್ರಿ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಮಾಡಿದರೆ ಎರಡು ತಿಂಗಳು ಮಿಕ್ಕುತ್ತದೆ ಎಂದು ವಾದಿಸಿದೆ. ಆಕೆ 'ಇರಬಹುದು' ಎಂದಿದ್ದನ್ನು ನಾನು 'ಇರುತ್ತಾರೆ' ಎಂದು ಕೇಳಿಸಿಕೊಂಡಿದ್ದೆ. ಮಗಳ ಹತ್ತಿರ ಇದನ್ನೆಲ್ಲ ಹೇಳುವ ಹಾಗಿರಲಿಲ್ಲ. ಊರಿನವರಿಗೆ ಜುಲೈಗೆ ವೀಸಾ ಸಿಗುವುದಿಲ್ಲ ಎಂದು ಅವಳಿಗೆ ಸುಳ್ಳು ಹೇಳಿದೆ. ಅಕ್ಟೋಬರ್‌ನಲ್ಲಿ ಹೊಲವೆಲ್ಲ ಕೆಸರಾಗಿರುತ್ತದೆ, ಡೇರೆಯಲ್ಲಿ ಜನ ನಡುಗುತ್ತಾರೆ ಎಂದು ಅವಳು ಅತ್ತಳು. ನಿನ್ನ ವೈಕಿಂಗರಿಗೆ ಚಳಿ ಹೊಸದೇ ಎಂದು ಬಾಯಿ ಮುಚ್ಚಿಸಿದೆ. ಕೊನೆಗೆ ಅವಳೂ ಹುಡುಗನೂ ತಾರೀಕು ಬದಲಿಸಿದರು.

ಮೊದಲು ಮದುವೆಗೆ ಇಟ್ಟಿದ್ದ ಜುಲೈ ಕೊನೆಯ ಆ ಶನಿವಾರ ಎಂಥ ಬಿಸಿಲು! ಇವರು ಅವತ್ತು ಎಂದಿಗಿಂತ ಲವಲವಿಕೆಯಿಂದಿದ್ದರು. ನನ್ನ ಜೊತೆ ಅಂಗಡಿಯ ತನಕ ನಡೆದು ಬಂದು, ಒಂದು ಹಿಡಿ ಗಂಜಿ ಉಂಡು, ಹಿತ್ತಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ನೀರು ತಂದುಕೊಟ್ಟೆ. ಲೋಟ ತೆಗೆದುಕೊಂಡು ಬಹಳ ಹೊತ್ತು ಕುಡಿಯಲಿಲ್ಲ.

"ಇವತ್ತೇ ಮದಿ ಆಯ್ಕಿತ್ತ್," ಎಂದರು.

ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಬೈಯಲಿಲ್ಲ. ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದರು, ಸೆಪ್ಟೆಂಬರ್ ಮೊದಲ ವಾರದಲ್ಲಿ ಹೋದರು.

ಉತ್ತರಕ್ರಿಯೆ ಮುಗಿದ ಮೇಲೆ ಕಾಗದಪತ್ರಗಳನ್ನು ಜೋಡಿಸುತ್ತಿದ್ದ ಮಗಳ ಕೈಗೆ ಆಸ್ಪತ್ರೆಯ ಪತ್ರ ಸಿಕ್ಕಿತು. ಮೇಲೆ ಏಪ್ರಿಲ್ ತಾರೀಕಿತ್ತು. ಅವಳು ಅದನ್ನು ಎರಡು ಸಲ ಓದಿ, ಮದುವೆಯ ತಾರೀಕು ಯಾಕೆ ಮುಂದೆ ಹಾಕಿಸಿದೆ ಎಂದು ಕೇಳಿದಳು. ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಆಸಾಡಿ ಎಂದೆ. ಅವಳಿಗೆ ಆ ಪದ ಗೊತ್ತಿರಲಿಲ್ಲ. ಅದೇನೆಂದು ನಾನು ಬಿಡಿಸಿ ಹೇಳಬೇಕಾಯಿತು. ನನ್ನ ಬಾಯಿಂದಲೇ ಅದನ್ನು ಕೇಳುತ್ತಿದ್ದಾಗ ನನಗೆ ಹೇಸಿಗೆಯಾಯಿತು.

"ನಿನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು. ಮದುವೆ ಜುಲೈನಲ್ಲಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿ ಮಹಡಿ ಹತ್ತಿ ಹೋದಳು. ಅಷ್ಟು ಸರಳವಾದ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮದುವೆ ಮರುವರ್ಷಕ್ಕೆ ಹೋಯಿತು. ತಾರೀಕು ಅವಳೇ ಇಟ್ಟಳು, ಜುಲೈ ಕೊನೆಯ ಶನಿವಾರ. ಮತ್ತೆ ಆಸಾಡಿಯೇ; ಈ ಸಲ ನಾನು ಕ್ಯಾಲೆಂಡರಿನ ಹತ್ತಿರ ಹೋಗಲಿಲ್ಲ. ಹದಿನೈದು ದಿನ ಮೊದಲು ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅಪ್ಪನ ಹೆಸರಿನ ಜಾಗ ಖಾಲಿ ಇತ್ತು. ಲೆಸ್ಟರ್‌ನಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮ ನಿಂತು ಧಾರೆ ಎರೆಯಲಿ ಎಂದೆ.

"ಯೂ ಡೂ ಇಟ್, ಅಮ್ಮ," ಎಂದಳು.

ಗಂಡ ಸತ್ತವಳು ಧಾರೆಗೆ ಕೈ ಹಾಕಬಾರದು ಎಂಬ ಮಾತು ನಾನು ಯೋಚಿಸುವ ಮೊದಲೇ ನಾಲಿಗೆಯಿಂದ ಬಿತ್ತು. ಅವಳು ನನ್ನನ್ನು ನೋಡಿದ ಬಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಟ್ಟಿ ಮಡಚಿಕೊಂಡಳು. ಧಾರೆಯನ್ನು ತೆಗೆದುಹಾಕಿದಳು ಅಂದುಕೊಂಡೆ.

ಮದುವೆಯ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ತುಪ್ಪಳ ಹೊದ್ದ ಗಡ್ಡದವನೊಬ್ಬ ಅವರಿಬ್ಬರ ಕೈ ಸೇರಿಸಿ ಹಗ್ಗ ಸುತ್ತಿ ಗಂಟು ಹಾಕಿದ. ಆಗ ನೋಡಿದೆ, ಪಕ್ಕದ ಸ್ಟೂಲಿನ ಮೇಲೆ ನಮ್ಮ ಮನೆಯ ತಾಮ್ರದ ತಂಬಿಗೆ ಇತ್ತು, ತುಂಬ ನೀರಿತ್ತು. ಗಡ್ಡದವನು ಮಾತು ನಿಲ್ಲಿಸಿದ. ಲೆಸ್ಟರ್‌ನ ಮೈದುನ ಎದ್ದರೆ ಮಗಳು ಬೇಡವೆಂದು ತಲೆಯಾಡಿಸಿದಳು. ಕಟ್ಟಿದ ಕೈಗಳನ್ನು ಮುಂದೆ ಚಾಚಿಕೊಂಡು ನನ್ನನ್ನೇ ನೋಡುತ್ತ ನಿಂತಳು. ಒಂದು ಜೀವ ಹೋಗಿದೆ, ನನ್ನ ಕೈಯಿಂದ ಇವಳ ಸಂಸಾರಕ್ಕೂ ಏನಾದರೂ ಆದರೆ ಎಂದು ಹೆದರಿದೆ. ನಾನು ಸೆರಗು ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಗಡ್ಡದವನು ಮುಂದಿನದನ್ನು ಓದತೊಡಗಿದ. ನನ್ನ ಕುರ್ಚಿಯಿಂದ ಆ ಸ್ಟೂಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.