ಒಡೆಯದ ನಂಬರು

ಮದ್ದೂರಿನ ಹೈಸ್ಕೂಲಿನಲ್ಲಿ ಕವಿತಳಿಗೆ ಲೆಕ್ಕ ಹೇಳಿಕೊಟ್ಟವನು ನಾನೇ. ಎಂಎಸ್ಸಿ ಮುಗಿಸಿದವಳನ್ನು ಮಳವಳ್ಳಿಗೆ ಮದುವೆ ಮಾಡಿ ಕಳಿಸಿದರು. ಗಂಡ ಯತೀಶನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಸೊಸೆ ಹೊರಗೆ ದುಡಿಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಡುಗೆಮನೆ ಬಿಟ್ಟರೆ ಮಹಡಿ, ಮಹಡಿ ಬಿಟ್ಟರೆ ಅಡುಗೆಮನೆ. ನನಗೆ ಫೋನ್ ಮಾಡಿ ಅಳುತ್ತಿದ್ದಳು. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋದೀತು? ಸಮಾಧಾನ ಹೇಳುವುದು ಬಿಟ್ಟು ಲೆಕ್ಕ ಕೊಟ್ಟೆ: ನಿನ್ನ ಫೋನ್ ನಂಬರು ಅವಿಭಾಜ್ಯವೋ ಅಲ್ಲವೋ ನೋಡು.

ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಎಂದು. ಹತ್ತಂಕಿಯ ನಂಬರು, ಲಕ್ಷದೊಳಗಿನ ಒಂಬತ್ತು ಸಾವಿರ ಚಿಲ್ಲರೆ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಬೇಕು. ಕಂಪ್ಯೂಟರಿಗೆ ಅದೊಂದು ಕೆಲಸವೇ ಅಲ್ಲ. ಇವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಕ್ಕೆ ಮೂವತ್ತರಂತೆ ಮಾಡಿದಳು. ಹತ್ತು ತಿಂಗಳ ಮೇಲೆ ಫೋನ್ ಬಂತು.

"ಯಾವುದ್ರಲ್ಲೂ ಒಡೀಲಿಲ್ಲ ಸಾರ್!"

ಆ ಖುಷಿ ಕೇಳಿ ನನ್ನ ಕಣ್ಣು ತುಂಬಿತು. ಹಟ ಹಿಡಿದು ಮದ್ದೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ ಅವಳಿಂದ ಅರ್ಜಿ ಹಾಕಿಸಿದೆ. ಯತೀಶನೂ ಅರೆಮನಸ್ಸಿನಿಂದ, "ಅವ್ರೇ ಫೋನ್ ಮಾಡಿ ಕರುದ್ರೆ ಓಗು" ಎಂದ.

ಅಷ್ಟರಲ್ಲಿ ಆ ಪುಣ್ಯಾತ್ಮ ಅವಳಿಗೆ ಹೊಸ ಸಿಮ್ ತಂದ. ಅವನ ಬೈಕು, ಕಾರು, ಅಂಗಡಿ ಫೋನು, ಎಲ್ಲದರ ಅಂಕಿ ಕೂಡಿದರೂ ಒಂಬತ್ತೇ ಬರಬೇಕು.

"ಒಂಬತ್ತು ಲಕ್ಕಿ ಕಣೇ" ಎನ್ನುತ್ತಾ ಹಳೆಯ ಸಿಮ್ ಕಿತ್ತಿಟ್ಟ.

ಕಾಲೇಜಿನ ಕರೆ ಬರಬೇಕಿದ್ದದ್ದು ಹಳೆಯದಕ್ಕೆ. ಕವಿತ ನೇರ ಅತ್ತೆ ಪಟ್ಟಲಮ್ಮನ ಬಳಿ ಹೋದಳು. ಚಿಕ್ಕ ಮಗ ಪಾಲು ಕೇಳತೊಡಗಿದಾಗಿನಿಂದ ಆ ತಾಯಿಗೆ ಅನ್ನ ಸೇರುತ್ತಿರಲಿಲ್ಲ.

"ಅತ್ತೆ, ಕೂಡಿದ್ರೆ ಒಂಬತ್ತು ಬರೋ ನಂಬರು ಒಂಬತ್ತು ಸಮಪಾಲಾಯ್ತದೆ. ನನ್ ಹಳೇದು ಯಾರೇನ್ ಮಾಡುದ್ರೂ ಪಾಲಾಗಲ್ಲ."

ಎರಡೂ ಅಪ್ಪಟ ಗಣಿತ. ಪಟ್ಟಲಮ್ಮ ಮಗನ ಮೇಲೆ ಹರಿಹಾಯ್ದರು. "ಮನೆ ಒಳೀಕೆ ಒಂಬತ್ತು ಪಾಲು ತಂದಿಟ್ಟಿದ್ದೀಯಲ್ಲೋ!" ಅಂದೇ ಹಳೆಯ ಸಿಮ್ ವಾಪಸ್ಸು ಬಂತು.

ಹದಿನೈದು ದಿನದ ಮೇಲೆ ಕಾಲೇಜಿನವರು ನನ್ನನ್ನೇ ಕೇಳಿದರು: "ನಿಮ್ಮ ಹುಡುಗಿ ಫೋನೇ ಎತ್ತಲ್ವಲ್ಲ ಮೇಷ್ಟ್ರೇ? ಇವತ್ತು ಬರದಿದ್ರೆ ಬೇರೆಯವರನ್ನ ತಗೋತೀವಿ."

ಸಿಕ್ಕಿದ ಬಸ್ಸು ಹತ್ತಿ ಮಳವಳ್ಳಿಗೆ ಓಡಿದೆ. ಫೋನು ದೇವರ ಕೋಣೆಯಲ್ಲಿತ್ತು. ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಚಾರ್ಜಿಗೆ ಹಾಕಿದ್ದರು. ಬಾಗಿಲಿಗೆ ಬೀಗ, ಬೀಗದ ಕೈ ಪಟ್ಟಲಮ್ಮನ ಸೊಂಟದಲ್ಲಿ. ನಾನು ವಿಷಯ ಹೇಳಿದೆ.

"ಅದು ಬಂದ್ಮೇಲೆ ಚಿಕ್ಕೋನು ಪಾಲಿನ್ ಮಾತೇ ಎತ್ತಿಲ್ಲ ಮೇಷ್ಟ್ರೇ" ಎಂದರು ಪಟ್ಟಲಮ್ಮ, ಕೈಮುಗಿದು. "ಮನೆ ಕಾಯ್ತಾ ಐತೆ. ಅದೂ ಆಚೀಕೆ ಓಗಂಗಿಲ್ಲ, ಆ ನಂಬರಿನೋಳೂ ಓಗಂಗಿಲ್ಲ."

ಯತೀಶನನ್ನು ನೋಡಿದೆ. ಅವನು ತಲೆ ತಗ್ಗಿಸಿ, "ಅವ್ವ ಏಳಿದ್ಮೇಲೆ ಮುಗೀತು ಸಾ" ಎಂದ.

ಬೀಗದ ಹಿಂದೆ ಫೋನು ಹೊಡೆದುಕೊಳ್ಳತೊಡಗಿತು. ಕವಿತ ನನ್ನ ಕೈಗೆ ಕಾಫಿ ಲೋಟ ಕೊಟ್ಟಳು.

"ಒಂದೇ ಒಂದ್ರಲ್ಲಿ ಒಡೆದಿದ್ರೂ ಸಾಕಿತ್ತು ಸಾರ್" ಎಂದಳು.