ನಕ್ಷೆಯಲ್ಲಿ ಖಾಲಿ ಉಳಿದ ನೀರು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ದೋಣಿಗಳು ಬಂದು ನಿಲ್ಲುವ ಮೀನಿನ ದಕ್ಕೆಯ ತುದಿಯಲ್ಲಿ, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಪಕ್ಕ, ಒಬ್ಬ ಹೆಂಗಸು ಎರಡು ಪ್ಲಾಸ್ಟಿಕ್ ಕ್ರೇಟುಗಳ ಮೇಲೆ ಹಲಗೆಯಿಟ್ಟು ನಕ್ಷೆ ಹಾಸುತ್ತಿದ್ದಾರೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ತಕ್ಕಡಿಯ ಬಟ್ಟು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ, ಕಣ್ಣು ಮಾತ್ರ ನೀರಿನ ಮೇಲಿದೆ. ತುಟಿ ಅಲ್ಲಾಡುವುದನ್ನು ನೋಡಿ, ಅವರ ಬಗ್ಗೆ ಬರೆಯಲು ಬಂದ ನಾನು ಪ್ರಾರ್ಥನೆಯೇನೋ ಅಂದುಕೊಳ್ಳುತ್ತೇನೆ. ಅಲ್ಲ, ಬರುತ್ತಿರುವ ದೋಣಿಗಳನ್ನು ಎಣಿಸುತ್ತಿದ್ದಾರೆ.

"ಮೂವತ್ತೊಂದು," ಎನ್ನುತ್ತಾರೆ. "ಇನ್ನೂ ಇಪ್ಪತ್ತೇಳು ಬರ್ಬೇಕು. ಅಷ್ಟೂ ಬರೋವರೆಗೆ ನನ್ನ ಹತ್ರ ಏನೂ ಕೇಳ್ಬೇಡಿ, ತಲೆ ಓಡಲ್ಲ."

ದಕ್ಕೆಯಲ್ಲಿ ಇವರನ್ನು ನಕ್ಷೆಯಕ್ಕ ಅಂತಲೇ ಕರೆಯುವುದು. ಹತ್ತೊಂಬತ್ತು ವರ್ಷ ಇಲ್ಲೇ ಮೀನಿನ ಬುಟ್ಟಿ ಎಣಿಸಿದವರು. ಎರಡು ವರ್ಷದ ಹಿಂದೆ ಕರಾವಳಿ ನೀರಿನ ಯೋಜನಾ ಕಚೇರಿ ಇವರನ್ನು ತಾತ್ಕಾಲಿಕವಾಗಿ ಕೆಲಸಕ್ಕೆ ತೆಗೆದುಕೊಂಡಿತು. ಈ ನೀರಿನಲ್ಲಿ ಹಡಗು ಎಲ್ಲಿ ಓಡಬೇಕು, ಬಲೆ ಎಲ್ಲಿ ಬೀಳಬೇಕು, ಮರಳು ಎಲ್ಲಿ ಎತ್ತಬಹುದು, ಮರಿಮೀನಿಗೆ ಯಾವ ಜಾಗ ಬಿಡಬೇಕು ಎಂದು ಎಲ್ಲರನ್ನೂ ಕೇಳಿ ಹಂಚಿಡುವ ಕೆಲಸ ಆ ಕಚೇರಿಯದು. ಮೀನುಗಾರರನ್ನು ಕೇಳುವ ಪಾಲು ನಕ್ಷೆಯಕ್ಕನದು. ಇನ್ನೂರ ಹನ್ನೆರಡು ದೋಣಿ, ಪ್ರತಿ ದೋಣಿಗೂ ವರ್ಷದಲ್ಲಿ ಮೂರು ಸಲ ಒಂದೇ ಪ್ರಶ್ನೆ: ಬಲೆ ಎಲ್ಲಿ ಹಾಕಿದಿರಿ? ಉತ್ತರವಾಗಿ ನಕ್ಷೆಯ ಮೇಲೆ ಪೆನ್ಸಿಲಿನ ಒಂದು ಚುಕ್ಕೆ. ಕೇಳಲು ಸುಲಭ. ಆದರೆ ಮೀನುಗಾರನನ್ನು ಅವನ ಜಾಗ ಕೇಳುವುದೂ ಒಂದೇ, ಬೀರುವಿನ ಕೀಲಿಕೈ ಕೇಳುವುದೂ ಒಂದೇ.

ಎಲ್ಲರೂ ಚುಕ್ಕೆ ಹಾಕಿದರು, ನಗುನಗುತ್ತಲೇ ಹಾಕಿದರು. ಹಾಕಿದ್ದರಲ್ಲಿ ಕಾಲುಭಾಗ ಶುದ್ಧ ಸುಳ್ಳು.

ಗುಡ್ಡದಾಚೆ ನೀರಿನೊಳಗೆ ಒಂದು ಕಲ್ಲುದಿಬ್ಬವಿದೆ. ಒಳ್ಳೆ ಮೀನೆಲ್ಲ ಅಲ್ಲೇ. ಅಲ್ಲಿಗೆ ಹೋಗುವ ಐವತ್ತೆಂಟು ದೋಣಿಯವರಲ್ಲಿ ಒಬ್ಬನೂ ಅದರ ಮೇಲೆ ಚುಕ್ಕೆ ಇಡಲಿಲ್ಲ. ಗುರುತು ಮಾಡಿದರೆ ಮರಿಮೀನಿನ ಜಾಗ ಅಂತ ಮುಚ್ಚಿಬಿಡುತ್ತಾರೆ ಎಂಬ ಭಯ ಒಂದು, ಪಕ್ಕದವನಿಗೆ ಗೊತ್ತಾಗುತ್ತದೆ ಎಂಬ ಭಯ ಇನ್ನೊಂದು. "ನಲವತ್ತೊಂದು ಜನ ನನ್ನ ಕಿವಿ ಹತ್ರ ಬಂದು, 'ಅಕ್ಕಾ, ನನ್ನ ಜಾಗ ನಂಗೊಬ್ಬನಿಗೇ ಗೊತ್ತಿರೋದು' ಅಂದಿದಾರೆ," ಎಂದು ನಕ್ಷೆಯಕ್ಕ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಏಕೆಂದರೆ ಕಳೆದ ತಿಂಗಳು ಕರಡು ನಕ್ಷೆ ಹೊರಬಂತು. ಕಲ್ಲುದಿಬ್ಬದ ಸುತ್ತ ನೀಲಿ ಬಿಟ್ಟರೆ ಏನೂ ಇಲ್ಲ. ಯಾರೂ ಬಳಸದ ನೀರು ಎಂದುಕೊಂಡ ಕಚೇರಿ ಅದರ ಮೇಲೆಯೇ ಹಡಗಿನ ದಾರಿ ಎಳೆದಿದೆ. ಪರೀಕ್ಷೆಗೆಂದು ವಾರಕ್ಕೆ ಮೂರು ಹಡಗು ಈಗಾಗಲೇ ಅಲ್ಲಿ ಓಡುತ್ತಿವೆ, ಬೆಳಕು ಹರಿಯುವ ಮೊದಲೇ, ದೋಣಿಗಳು ಬಲೆ ಬಿಟ್ಟು ಕೂತಿರುವ ಹೊತ್ತಿಗೇ.

"ನಂಗೆ ಗೊತ್ತಿತ್ತು," ಎನ್ನುತ್ತಾರೆ ನಕ್ಷೆಯಕ್ಕ. ಐವತ್ತೆಂಟೂ ದೋಣಿ ದಡ ಸೇರಿದ ಮೇಲೆ ಬಂದ ಮಾತು ಇದು. "ಬುಟ್ಟಿ ನೋಡಿದ್ರೆ ಬಲೆ ಎಲ್ಲಿ ಬಿತ್ತು ಅಂತ ಹೇಳ್ತೀನಿ ನಾನು. ಚುಕ್ಕೆ ಹಾಕಿದ್ದು ಕೆಸರು ತಳದ ಮೇಲೆ, ಬುಟ್ಟೀಲಿ ಕಲ್ಲಲ್ಲಿ ಸಿಗೋ ಮೀನು. ಆದ್ರೂ ಸುಮ್ನಿದ್ದೆ. ಅವ್ರು ಹೇಳಿದ್ದು ಬರ್ಕೊಳ್ಳೋದು ನನ್ನ ಕೆಲ್ಸ, ಪರೀಕ್ಷೆ ಮಾಡೋದಲ್ಲ ಅಂತ. ಆ ಖಾಲಿ ಜಾಗಾನ ಕಚೇರಿಗೆ ಕೊಟ್ಟು ಬಂದವಳು ನಾನೇ ಅಲ್ವಾ?"

ಹೋದ ವಾರ ಒಬ್ಬನ ಬಲೆ ಅರ್ಧಕ್ಕೆ ತುಂಡಾಗಿ ಬಂತು. ಬಂಡೆಗೆ ಸಿಕ್ಕಿ ಹರಿಯಿತು ಅಂದ. ನಕ್ಷೆಯಕ್ಕ ತುದಿ ಹಿಡಿದು ನೋಡಿದರು. ಬಂಡೆಗೆ ಸಿಕ್ಕ ಬಲೆ ಪಿಂಜಿಕೊಂಡಿರುತ್ತದೆ, ಇದು ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಹಡಗು ಕತ್ತರಿಸಿತು ಅಂತ ಬಾಯಿ ಬಿಟ್ಟರೆ ಎಲ್ಲಿದ್ದೆ ಅಂತಲೂ ಹೇಳಬೇಕಲ್ಲ! ಪ್ರಾಣ ಹೋಗುವ ಹಾಗಿದ್ದರೂ ಜಾಗ ಬಿಟ್ಟುಕೊಡದ ಜನ. ಇದನ್ನು ಕೇಳಿ ನನಗೆ ಸಿಟ್ಟು ಬರುತ್ತದೆ, ಮರುಕ್ಷಣ ಭಯ.

ಕರಡನ್ನು ತಿದ್ದಲು ಒಂದೇ ದಾರಿ ಇದೆ. ಕನಿಷ್ಠ ಮೂವತ್ತು ದೋಣಿಯವರು ತಾವೇ ನಿಜವಾದ ಜಾಗ ಬರೆದು ಸಹಿ ಹಾಕಿದ ಹಾಳೆ ಕೊಡಬೇಕು. ಉಳಿದಿರುವುದು ಮೂರು ದಿನ. ಸಿಕ್ಕಿರುವುದು ನಾಲ್ಕು ಹಾಳೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಮೊದ್ಲು ನಿಮ್ಮ ಯಜಮಾನ್ರ ಕೈಲಿ ಸಹಿ ಹಾಕಿಸ್ಕೊಂಡು ಬನ್ನಿ ಅಕ್ಕಾ, ಆಮೇಲೆ ನಾವು."

ನಕ್ಷೆಯಕ್ಕನ ಯಜಮಾನರು ದಕ್ಕೆಗೆಲ್ಲ ದೊಡ್ಡಣ್ಣ. ಅವರು ಹೋದ ದಿಕ್ಕಿಗೆ ಹತ್ತು ದೋಣಿ ಹಿಂದೆ ಬೀಳುತ್ತವೆ. ಅವರ ಚುಕ್ಕೆಯೂ ಸುಳ್ಳೇ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಗೂ ಜಾಗ ಹೇಳಿದವರಲ್ಲ. ಮೊಬೈಲಿನಲ್ಲಿ ಗುರುತು ಇಟ್ಟುಕೊಳ್ಳಬಾರದೇ ಅಂತ ನಾನು ಕೇಳಿದ್ದಕ್ಕೆ, "ಇಟ್ರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ" ಎಂದು ಗದರಿದರು.

ಮಧ್ಯಾಹ್ನ ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆ, ಕಿಟಕಿಯ ಸರಳಿಗೆ ಒಣಹಾಕಿದ ಮಳೆಯಂಗಿ. ಊಟ ಮಾಡಿದ ಮೇಜನ್ನು ಒರೆಸಿ ನಕ್ಷೆಯಕ್ಕ ಖಾಲಿ ಹಾಳೆಯೊಂದನ್ನು ಗಂಡನ ಮುಂದಿಡುತ್ತಾರೆ. ಅವರು ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳುತ್ತಾರೆ.

"ಜಾಗ ಮುಚ್ಚಲ್ಲ ಅಂತ ಬರೆದು ಕೊಡ್ತೀಯಾ?"

"ಇಲ್ಲ. ಮುಚ್ಚಿದ್ರೂ ಮುಚ್ಚಬಹುದು. ಮೀನು ಮೊಟ್ಟೆಯಿಡೋ ಎರಡು ತಿಂಗಳಂತೂ ಮುಚ್ತಾರೆ. ಅದ್ಕಿಂತ ಜಾಸ್ತಿ ನಂಗೂ ಗೊತ್ತಿಲ್ಲ."

"ಮತ್ತೆ ಯಾವ ಧೈರ್ಯದ ಮೇಲೆ ಕೇಳ್ತೀಯ?"

"ಧೈರ್ಯ ಎಲ್ಲಿದೆ ರೀ? ಹೆದರಿಕೆಗೇ ಕೇಳ್ತಿರೋದು." ನಕ್ಷೆಯಕ್ಕ ಹಾಳೆಯನ್ನು ಮತ್ತೆ ಮುಂದಕ್ಕೆ ಸರಿಸುತ್ತಾರೆ. "ನೀವು ಬಾಗಿಲು ಎಳ್ಕೊಂಡು ಹೋದ ಸದ್ದು ಕೇಳಿದ ಮೇಲೆ ನಾನು ಕಣ್ಣು ಮುಚ್ಚಲ್ಲ. ಆ ಹಡಗು ನಿಲ್ಬೇಕಂದ್ರೆ ಎರಡು ಮೈಲಿ ಬೇಕಂತೆ. ನಿಮ್ಮ ದೀಪ ಅವ್ರಿಗೆ ಕಾಣಿಸೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಅದು ನಾನು ಕೊಟ್ಟ ನಕ್ಷೆ ನೋಡ್ಕೊಂಡು ಬರ್ತಿರೋ ಹಡಗು. ಅದರ ಕೆಳಗೆ ನೀವಿರ್ತೀರಿ."

ದೊಡ್ಡಣ್ಣ ಎದ್ದು ಹೊರಗೆ ಹೋಗುತ್ತಾರೆ. ಅತಿಥಿಯಾಗಿ ಬಂದ ನನಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ನಕ್ಷೆಯಕ್ಕ ಹಾಳೆಯನ್ನು ಮತ್ತೆ ಫೈಲಿಗೆ ಸೇರಿಸಿ ಪಾತ್ರೆ ತೊಳೆಯಲು ನಿಲ್ಲುತ್ತಾರೆ. ಸಹಿಯನ್ನು ನೀವೇ ಗೀಚಿಬಿಡಬಹುದಲ್ಲ ಎಂದು ನನ್ನ ಬಾಯಿಂದ ಬಂದೇಬಿಡುತ್ತದೆ. "ಒಂದು ಸುಳ್ಳಿಗೆ ಇಷ್ಟಾಗಿದೆ," ಎನ್ನುತ್ತಾರೆ, ತಿರುಗದೆಯೇ.

ಮರುದಿನ ಏನೂ ಆಗುವುದಿಲ್ಲ. ಆರು ಮನೆ ಸುತ್ತಿದ್ದಕ್ಕೆ ಒಂದು ಹಾಳೆ, ಒಟ್ಟು ಐದು.

ಕೊನೆಯ ದಿನ ಬೆಳಿಗ್ಗೆ ಏಳಕ್ಕೆ ದಕ್ಕೆ ತುಂಬ ಜನ. ದೊಡ್ಡಣ್ಣ ದೋಣಿ ಕಟ್ಟಿ, ಒದ್ದೆ ಕಾಲಲ್ಲೇ ನೇರವಾಗಿ ಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ನಕ್ಷೆಯನ್ನು ನೋಡುವುದೇ ಇಲ್ಲ.

"ಬರ್ಕೋ," ಎನ್ನುತ್ತಾರೆ ಹೆಂಡತಿಗೆ. "ದೋಣಿಯಿಂದ ನೋಡಿದ್ರೆ ನೀರಿನ ಟ್ಯಾಂಕಿನ ಕೆಂಪು ದೀಪ ಆಸ್ಪತ್ರೆ ದೀಪದ ಮೇಲೆ ಸರಿಯಾಗಿ ಕೂರ್ಬೇಕು. ಈ ಕಡೆ ಲೈಟ್‌ಹೌಸು ಗುಡ್ಡದ ಮೂಗಿಗೆ ತಾಗ್ಬೇಕು. ಎರಡೂ ಒಟ್ಟಿಗೆ ಆದ ಕಡೆ ನಾನು ಬಲೆ ಬಿಡೋದು."

ಸುತ್ತ ನಿಂತವರೆಲ್ಲ ಇತ್ತ ತಿರುಗುತ್ತಾರೆ. ಇಷ್ಟು ಜನರ ಮುಂದೆ, ಇಷ್ಟು ಗಟ್ಟಿಯಾಗಿ! ನಕ್ಷೆಯಕ್ಕ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಅಳತೆಪಟ್ಟಿಯಿಟ್ಟು ಎರಡು ಗೆರೆ ಎಳೆಯುತ್ತಾರೆ. ಗೆರೆಗಳು ಸೇರಿದ್ದು ಹಡಗು ದಾರಿಯ ನಟ್ಟನಡುವೆ. ದೊಡ್ಡಣ್ಣ ಸಹಿ ಹಾಕುತ್ತಾರೆ. "ಥೂ, ನಂದೂ ಅಲ್ಲೇ" ಎಂದು ಹಿಂದಿನಿಂದ ಯಾರೋ ಗೊಣಗುತ್ತಾರೆ. ಒಬ್ಬ ನಗುತ್ತಾನೆ, ಹಲಗೆಯ ಮುಂದೆ ಸಾಲು ಬೆಳೆಯುತ್ತದೆ. ಬಲೆ ತುಂಡಾದವನು ಎಲ್ಲರಿಗಿಂತ ಹಿಂದೆ ನಿಂತಿದ್ದಾನೆ.

ಸಂಜೆ ನಾಲ್ಕೂವರೆಗೆ ಕಚೇರಿಯಲ್ಲಿ ನಲವತ್ತಾರು ಹಾಳೆ. ಯೋಜನಾ ಅಧಿಕಾರಿ ಕೆಟ್ಟವರಲ್ಲ. ಒಂದೊಂದನ್ನೇ ನೋಡಿ, ಕನ್ನಡಕ ತೆಗೆದು, ಗೋಡೆಯ ಮೇಲಿನ ಕರಡಿನ ಎದುರು ನಿಲ್ಲುತ್ತಾರೆ. "ಅಲ್ಲಮ್ಮಾ, ಇಷ್ಟು ಜನ ಇದಾರಾ ಇಲ್ಲಿ?"

"ಮೊದ್ಲಿಂದ್ಲೂ ಇದಾರೆ ಸಾರ್."

ಅಧಿಕಾರಿ ಹಾಳೆಗಳಿಗೆ ಮುದ್ರೆ ಹಾಕಿ ತೆಗೆದಿಡುತ್ತಾರೆ. ಸಮಿತಿ ಕೂತು ತೀರ್ಮಾನಿಸಲು ಎರಡು ತಿಂಗಳು ಬೇಕು, ಹಡಗಿನ ದಾರಿ ಸರಿಸುತ್ತಾರೋ ದಿಬ್ಬವನ್ನೇ ಮುಚ್ಚುತ್ತಾರೋ ಈಗಲೇ ಹೇಳಲಾಗದು ಎನ್ನುತ್ತಾರೆ. ಬೇರೇನಾದರೂ ಇದೆಯೇ ಎಂದು ಕೇಳುತ್ತಾರೆ. ನಕ್ಷೆಯಕ್ಕ ಏಳುವುದಿಲ್ಲ. ಫೈಲನ್ನು ಎದೆಗೊತ್ತಿ ಹಿಡಿದು ಕುರ್ಚಿಯ ತುದಿಯಲ್ಲೇ ಕೂತಿದ್ದಾರೆ.

"ಒಂದೇ ಒಂದು ಸಾರ್. ನಾಳೆ ಬೆಳಿಗ್ಗೆ ಹಡಗು ಇದೆಯಂತೆ. ಹಡಗಿನವ್ರಿಗೆ ಇವತ್ತೇ ಒಂದು ಮಾತು ಹೇಳಿಬಿಡ್ತೀರಾ, ಅಲ್ಲಿ ಜನ ಇದಾರೆ ಅಂತ?"