ತಿಪ್ಪೇಶನ ಮುಡಿಯಲ್ಲಿ ಅರ್ಧ

ಆ ಕಾಲದಲ್ಲಿ ಉದ್ದ ಕೂದಲು ಬಿಟ್ಟ ಗಂಡು ಹುಡುಗನ್ನ ಕಂಡರೆ ನಮ್ಮೂರ ಹೆಂಗಸರು ಮೊದಲು ಅವನ ತಾಯಿಯನ್ನು ನೆನೆಯೋರು. ಹರಕೆಯ ಮುಡಿ ಅಂತ ಹೇಳದೇ ಗೊತ್ತಾಗೋದು.

ನಾನು ಬಿ.ದುರ್ಗದ ಕುರಿ ಕಾಯೋರ ಮನೆಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ನನಗೂ ಬೇಗ ಮದುವೆ, ಮಗಳಿಗೂ ಬೇಗ ಮದುವೆ, ಹಂಗಾಗಿ ತಲೆ ನರೆಯೋ ಮೊದಲೇ ಅಜ್ಜಿಯಾದೆ. ಈಗ ಹೇಳ್ತಿರೋದು ತೊಂಬತ್ತರ ದಶಕದ ಮಾತು, ನನಗಿನ್ನೂ ಮದುವೆಯಾಗಿರಲಿಲ್ಲ.

ತಮ್ಮ ತಿಪ್ಪೇಶ ಹುಟ್ಟೋ ಮೊದಲು ಅವ್ವ ಎರಡು ಕೂಸು ಕಳಕೊಂಡಿದ್ದಳು. ಇದೊಂದು ಉಳಿದರೆ ಮುಡಿ ಕೊಡ್ತೀನಿ ಅಂತ ಮನೆದೇವರಿಗೆ ಹರಕೆ ಹೊತ್ತಳು. ಕೂಸು ಉಳೀತು, ಹರಕೆ ತೀರಲಿಲ್ಲ. ಮುಡಿ ತೆಗೆಯೋಕೆ ನಮ್ಮ ಬೆಡಗಿನ, ಅಂದರೆ ಒಂದೇ ಕುಲದ ಅಣ್ಣತಮ್ಮಂದಿರೆಲ್ಲ ಕೂಡಬೇಕು. ಒಂದು ವರ್ಷ ಸೂತಕ, ಇನ್ನೊಂದು ವರ್ಷ ಕುರಿ ಹೊಡಕೊಂಡು ಹೋದವರು ಬರಲಿಲ್ಲ. ತಿಪ್ಪೇಶ ಶಾಲೆಗೆ ಸೇರುವಾಗ ಅವನ ಜಡೆ ನನ್ನದಕ್ಕಿಂತ ಉದ್ದ. ಅವ್ವ ದಿನಾ ಹರಳೆಣ್ಣೆ ಬಡಿದು ಬಿಗಿಯಾಗಿ ಹೆಣೆಯೋಳು.

ದೊಡ್ಡವರಿಗೆ ಗೊತ್ತಿದ್ದರೇನು, ಹುಡುಗರು ಬಿಡ್ತಾರಾ? "ತಿಪ್ಪಮ್ಮ, ಹೂವ ಮುಡ್ಕಳ್ಳಲ್ವೇನೆ" ಅಂತ ಜಡೆ ಎಳೆಯೋರು. ಮುಂಗಾರು ಶುರುವಾಗಿ ಶಾಲೆ ತೆಗೆದಾಗ ಇವನು ಹೋಗಲ್ಲ ಅಂತ ಕುರಿರೊಪ್ಪದಲ್ಲಿ ಕೂತುಬಿಟ್ಟ. ಒಂದು ದಿನ ನೋಡ್ತೀನಿ, ಉಣ್ಣೆ ಕತ್ತರಿಸೋ ಕತ್ತರಿಯನ್ನು ಜಡೆಗೆ ಇಟ್ಟುಕೊಂಡಿದ್ದಾನೆ. ಓಡಿ ಹೋಗಿ ಕೈ ಹಿಡಿದೆ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ, ಒಂದೆಳೆಯಾದರೂ ಹೋಯಿತಾ ಅಂತ ಜಡೆ ಬಿಚ್ಚಿ ನೋಡಿದಳು. ದೇವರ ಮುಂದೆ ಇಳಿಯೋ ಮೊದಲೇ ಮುಡಿಗೆ ಕತ್ತರಿ ಬಿದ್ದರೆ ಈ ಕೂಸೂ ದಕ್ಕಲ್ಲ ಅಂತ ಅವಳ ಭಯ. ಕತ್ತರಿಯನ್ನೇನೋ ಅಟ್ಟಕ್ಕೆ ಹಾಕಿದಳು. ಹುಡುಗನ್ನ ಅಟ್ಟಕ್ಕೆ ಹಾಕೋಕಾಗುತ್ತಾ?

ಅವನನ್ನು ಸುಮ್ಮನಾಗಿಸೋಕೆ ರಾತ್ರಿ ಅಂಗಡಿ ರುದ್ರಪ್ಪನ ಮನೆಗೆ ಟಿ.ವಿ. ನೋಡಲು ಕರಕೊಂಡು ಹೋದೆ. ಕಪ್ಪುಬಿಳುಪು ಟಿ.ವಿ. ಫುಟ್ಬಾಲ್ ವಿಶ್ವಕಪ್ ತೋರಿಸ್ತಿದ್ದರು. ಆಟ ತಿಳಿಯದಿದ್ದರೂ ಹುರಿದ ಶೇಂಗಾ ಸುಲಿಯುತ್ತ ಕೂತೆವು. ಪಟ್ಟೆ ಅಂಗಿಯ ಅರ್ಜೆಂಟೀನಾದವರಲ್ಲಿ ಮುಂದೆ ನಿಂತು ಗೋಲು ಹೊಡೆಯೋನೊಬ್ಬ ಇದ್ದ. ಭುಜದ ತುಂಬ ಕೂದಲು. ಅವನು ಒದ್ದ ಚೆಂಡು ಬಲೆ ಹರಿಯೋ ಹಂಗೆ ಹೋಯಿತು.

ರುದ್ರಪ್ಪನ ತಾಯಿ ಗೌರಜ್ಜಿ ಎಲೆ ಅಡಿಕೆ ಜಗಿಯೋದು ನಿಲ್ಲಿಸಿದಳು. "ಪಾಪ, ಆ ಹುಡುಗನ್ದೂ ಮುಡಿ ಕೊಡೋದು ಐತೆ. ಅವರವ್ವ ಎಷ್ಟು ಕೂಸು ಕಳ್ಕಂಡ್ಲೋ."

ಯಾರೂ ನಗಲಿಲ್ಲ. ಗಂಡಸು ಸುಮ್ಮಸುಮ್ಮನೆ ಯಾಕೆ ಕೂದಲು ಬಿಡ್ತಾನೆ?

"ಅಷ್ಟು ದೊಡ್ಡವನಾದ್ರೂ ತೆಗೆಸಿಲ್ವಾ ಅಜ್ಜಿ?" ಅಂದ ತಿಪ್ಪೇಶ.

"ಕಪ್ ಗೆದ್ದ ಮ್ಯಾಲೆ ಕೊಡ್ತಾನೆ ಕಣಪ್ಪ."

ಮಾರನೇ ದಿನ ತಿಪ್ಪೇಶ ಜಡೆ ಬೇಡ, ಕೂದಲು ಬಿಟ್ಟೇ ಬಿಡು ಅಂದ. ಅವ್ವ ನನ್ನ ರಿಬ್ಬನ್ನು ಅವನ ಹಣೆಗೆ ಕಟ್ಟಿ ಶಾಲೆಗೆ ಕಳಿಸಿದಳು. ಅಪ್ಪ ಕಂಬಳಿ ನೇಯ್ದು ಮಿಕ್ಕಿದ ಉಣ್ಣೆಯನ್ನು ಉಂಡೆ ಮಾಡಿ, ಕಂಬಳಿಗೆ ಹಾಕೋ ಹುಣಸೆಬೀಜದ ಗಂಜಿ ಬಳಿದು ಒಣಗಿಸಿ ಚೆಂಡು ಮಾಡಿಕೊಟ್ಟ. ಬಿಸಿಲಲ್ಲಿ ಅದು ಕಲ್ಲು, ಮಳೆ ಬಿದ್ದರೆ ನೆಂದ ಕುರಿಯ ನಾತ. ತಿಪ್ಪೇಶ ಗೋಲು ಹೊಡೆದು ಕೂದಲು ಕೊಡವೋನು. ಜಡೆ ಎಳೆದ ಹುಡುಗರೇ ಅವನ ಕಡೆಗೆ ಸೇರೋಕೆ ಜಗಳ ಆಡಿದರು.

ಆದರೆ ಅರ್ಜೆಂಟೀನಾದವರು ಸೋತರು. ಅವತ್ತು ತಿಪ್ಪೇಶ ಮುದ್ದೆ ಮುಟ್ಟಲಿಲ್ಲ. ಕಪ್ ಗೆಲ್ಲದೆ ಇನ್ನು ಆ ಆಟಗಾರನ ಮುಡಿ ಗತಿ ಏನು ಅಂತ ಒಂದೇ ಚಿಂತೆ.

ಸುಗ್ಗಿ ಮುಗಿದ ಮೇಲೆ ಬೆಡಗಿನವರು ಅಂತೂ ಕೂಡಿದರು. ದೇವರ ಮುಂದೆ ಸೋದರಮಾವ ಕತ್ತರಿ ತೆಗೆದರೆ ತಿಪ್ಪೇಶ ಎರಡೂ ಕೈಯಲ್ಲಿ ತಲೆ ಹಿಡಕೊಂಡ.

"ಅರ್ಧ ನಂದು, ಅರ್ಧ ಅವನ್ದು. ಹಂಗಾದ್ರೆ ತೆಗೀರಿ."

ಯಾರವನು ಅಂತ ಮಾವ ಕೇಳಿದ. ಟಿ.ವಿ.ಯವನ ಕತೆಯನ್ನು ನಾನೇ ಹೇಳಿದೆ. ಪೂಜಾರಪ್ಪ ತಲೆ ಕೆರಕೊಂಡ. ಬೆಡಗು ಹೇಳದೆ ಮುಡಿ ಒಪ್ಪಿಸೋ ಹಂಗಿಲ್ಲ. ಅರ್ಜೆಂಟೀನಾದವನ ಬೆಡಗು ಯಾವುದೋ? ಅಷ್ಟು ಗಂಡಸರ ನಡುವೆ ಎಂದೂ ಬಾಯಿ ತೆರೆಯದ ಅವ್ವ ಹಿಂದಿನಿಂದ ಅಂದಳು: "ನಮ್ದೇ ಅನ್ರಿ. ಅವನ್ನೂ ಯಾರೋ ಹೆತ್ತಿರ್ತಾಳೆ."

ತಿಪ್ಪೇಶ ಕೈ ಇಳಿಸಿದ. ಕೂದಲು ಎರಡು ಪಾಲಾಗಿ ದೇವರ ಮುಂದೆ ಬಿತ್ತು.

ಮುಂದಿನ ವಿಶ್ವಕಪ್ಪಿನಲ್ಲಿ ಕಂಡಾಗ ಆ ಮನುಷ್ಯನ ಕೂದಲು ಗಿಡ್ಡವಾಗಿತ್ತು. "ದೇವ್ರಿಗೆ ಮುಟ್ಟಿತು" ಅಂದಳು ಅವ್ವ. ಅದರ ಮುಂದಿನ ವಿಶ್ವಕಪ್ಪನ್ನು ನಾನು ಹೊಸದುರ್ಗಕ್ಕೆ ಸೊಸೆಯಾಗಿ ಬಂದ ಮೇಲೆ ಕಲರ್ ಟಿ.ವಿ.ಯಲ್ಲಿ ನೋಡಿದೆ. ಅಂಗಿಯ ಪಟ್ಟೆ ತಿಳಿನೀಲಿ ಅಂತ ಆಗಲೇ ಗೊತ್ತಾಗಿದ್ದು. ಆ ಸಲವೂ ಸೋತು ಅವನು ಅಳ್ತಿದ್ದ. ಕಪ್ ಅವನ ಕೈಗೆ ಬರಲೇ ಇಲ್ಲ. ಆಮೇಲೆ ಕಾಲು ಸೋತು ಆಟ ಬಿಟ್ಟನಂತೆ. ಅವನದು ಹರಕೆಯಲ್ಲ ಕಣಕ್ಕ, ಶೋಕಿ ಅಂತ ತಿಪ್ಪೇಶನೇ ಈಗ ನಗ್ತಾನೆ. ಅವನು ಚಿತ್ರದುರ್ಗದಲ್ಲಿ ಬಸ್ ಕಂಡಕ್ಟರ್, ತಲೆ ಪೂರಾ ಬೋಳು, ಗಟ್ಟಿಮುಟ್ಟಾಗಿದ್ದಾನೆ.

ಅವ್ವ ಇಲ್ಲ. ಬೆಡಗಿನವರು ಕೂಡೋದು ಈಗ ಫೋನಿನಲ್ಲಿ. ಯಾವ ಹುಡುಗ ಕೂದಲು ಬಿಟ್ಟರೂ ಶೋಕಿ ಅಂತ ಸುಮ್ಮನಾಗ್ತಾರೆ, ಅವನ ತಾಯಿಯನ್ನು ನೆನೆಯೋರಿಲ್ಲ.

ಮೊನ್ನೆ ಹೊಳಲ್ಕೆರೆ ಬಸ್ಸಿನಲ್ಲಿ ಜುಟ್ಟು ಕಟ್ಟಿದ ಹುಡುಗನೊಬ್ಬ ಎದ್ದು ನನಗೆ ಸೀಟು ಕೊಟ್ಟ. "ನಿಮ್ಮವ್ವ ಚೆನ್ನಾಗವ್ರೇನಪ್ಪ?" ಅಂದೆ. ಯಾಕೆ ಕೇಳಿದೆ ಅಂತ ಪಾಪ ಅವನಿಗೆ ತಿಳೀಲಿಲ್ಲ. "ಚೆನ್ನಾಗವ್ರೆ ಅಜ್ಜಿ" ಅಂದ.

ನಾನು ಸರಿಯಾಗಿ ಒರಗಿ ಕೂತೆ.